ಗೃಹಸ್ಥನಿಗೊಂದು ಕ್ಯಾಮರಾ

ಗೃಹಕೃತ್ಯಕ್ಕೆ ಬೇಕಾದ ಪದಾರ್ಥಗಳನ್ನು ಕೊಳ್ಳುವಲ್ಲಿ ನಮ್ಮ ಜನರಿಗಿರುವ ವಿವೇಕವು ಸಾಮಾನ್ಯವಾದುದಲ್ಲ. ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ, ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡಲ್ಲದೆ ಬೆಲೆಯನ್ನೇ ವಿಚಾರಿಸುವುದಿಲ್ಲ. ಹಸುವನ್ನು ಕೊಳ್ಳುವಾಗ ಸುಳಿಯನ್ನೂ ಹಲ್ಲನ್ನೂ ಕೆಚ್ಚಲನ್ನೂ ನೋಡುವರು. ತೆಂಗಿನಕಾಯಿಯನ್ನು ಕೂಡ ಕಿವಿಯ ಬಳಿ ಅಲ್ಲಾಡಿಸಿ ನೋಡುವರು. ಆದರೆ ಇದೇ ಗೃಹಸ್ಥರು ಕ್ಯಾಮರಾ ಮಾರುವ ಅಂಗಡಿಯ ಮೆಟ್ಟಿಲನ್ನೇರಿದೊಡನೆ ಮಂತ್ರಮುಗ್ಧರಾದಂತಾಗಿ, ಅಂಗಡಿಯವನು ಹೇಳಿದುದಕ್ಕೆಲ್ಲ ತಲೆದೂಗಿ, ಅವನು ಕಟ್ಟಿಕೊಟ್ಟ ಗಂಟನ್ನು ಹೊತ್ತು ಮನೆಗೆ ಬರುವರು. ನಾವೂ ಒಮ್ಮೆ ಹಾಗೆ ಬಂದವರೇ ಆದುದರಿಂದ ಈ ಮಾತನ್ನಾಡುವ ಅಧಿಕಾರವು ನಮಗೆ ಪ್ರಾಪ್ತವಾಗಿದೆ.

೨೦೧೬ನೆಯ ಇಸವಿಯ ಮಾಘಮಾಸದಲ್ಲಿ ನಮ್ಮ ತೀರ್ಥರೂಪರಿಗೆ ಸಹಸ್ರಚಂದ್ರದರ್ಶನ ಶಾಂತಿಯನ್ನು ಮಾಡುವುದೆಂದು ನಿಶ್ಚಯವಾಯಿತು. ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿಯೇ ಶಾಂತಿ. ಆ ಸುಮುಹೂರ್ತದ ಚಿತ್ರಗಳನ್ನು ಕೂಲಿಯವರಿಂದ ತೆಗೆಸದೆ ನಾವೇ ತೆಗೆಯಬೇಕೆಂಬ ಆಸೆಯಿಂದ ಪಟ್ಟಣಕ್ಕೆ ಹೋಗಿ ಒಂದು ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರಾವನ್ನು ಕೊಂಡೆವು. ಕ್ಯಾಮರಾದ ಜೊತೆಗೆ ೧೮–೫೫ರ ಮಸೂರವೊಂದು, ದೂರದ ವಸ್ತುವನ್ನು ಹತ್ತಿರಕ್ಕೆಳೆಯುವ ೭೦–೩೦೦ರ ಮಸೂರವೊಂದು, ಒಂದು ಚೀಲ, ಮುಕ್ಕಾಲಿ, ನೆನಪಿನ ಕಾರ್ಡು, ಒರೆಸುವ ಬಟ್ಟೆ, ಗಾಜಿನ ಫಿಲ್ಟರುಗಳೆರಡು. ಹೀಗೆ ಒಟ್ಟು ಒಂಬತ್ತು ಪದಾರ್ಥಗಳು. ಇಷ್ಟೊಂದು ಸಾಮಾನು ಇಷ್ಟು ಬೆಲೆಗೆ ಬಂದಿತಲ್ಲಾ ಎಂಬ ಸಂತೋಷದಲ್ಲಿ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿರಿಸಿಕೊಂಡೇ ಊರಿಗೆ ಬಂದೆವು.

ಶಾಂತಿಯ ದಿನ ನಡುಮನೆಯಲ್ಲಿ ಹೋಮದ ಹೊಗೆ. ಮಲೆನಾಡಿನ ಮನೆಗಳ ನಡುಮನೆಯಲ್ಲಿ ಹಗಲಿನಲ್ಲಿಯೂ ಬೆಳಕು ಎಷ್ಟಿರುವುದೆಂಬುದನ್ನು ಬಲ್ಲವರು ಬಲ್ಲರು. ವೈದಿಕರಿಗೆ ಅಡ್ಡಿಯಾಗಬಾರದೆಂದು ನಾವು ಬಾಗಿಲ ಬಳಿ ನಿಂತು ಉದ್ದದ ಮಸೂರದಿಂದ ತಂದೆಯವರ ಮುಖವನ್ನು ಹತ್ತಿರಕ್ಕೆ ತಂದುಕೊಂಡು, ಇನ್ನೂರಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದೆವು. ರಾತ್ರಿ ನೋಡಿದರೆ ಅವೆಲ್ಲವೂ ಕಲಸಿಹೋಗಿದ್ದುವು. ಅಂಗಳದ ಚಪ್ಪರ, ತುಳಸಿಯ ಕಟ್ಟೆ, ಜಗಲಿಯ ಕೆಳಗೆ ಬಿಟ್ಟಿದ್ದ ನೆಂಟರ ಚಪ್ಪಲಿಗಳು ಇವು ಮಾತ್ರ ಸ್ಫುಟವಾಗಿ ಬಂದಿದ್ದುವು. ಮರುವರ್ಷದ ಆಷಾಢದಲ್ಲಿ ತಂದೆಯವರು ಕಾಲವಾದರು. ಅವರ ವೃದ್ಧಾಪ್ಯದ ಚಿತ್ರವೆಂದು ನಮ್ಮಲ್ಲಿರುವುದು, ಹೊಗೆಯಲ್ಲಿ ಹೊಗೆಯಾಗಿ ಅಲುಗಿದ ಒಂದು ಮುಖ. ಅಂಗಡಿಯವನನ್ನು ದೂರಿ ಫಲವಿಲ್ಲ. ಅವನು ನಾವು ಕೇಳಿದುದಕ್ಕೆ ಉತ್ತರವನ್ನು ಕೊಟ್ಟನು. ಕೇಳಬೇಕಾದುದನ್ನು ನಾವು ಕೇಳಲಿಲ್ಲ.

ಈ ಹಳೆಯ ದುಃಖವನ್ನು ಈಗ ತೆರೆಯಲು ಕಾರಣವಿದೆ. ನಮ್ಮ ತಮ್ಮನ ಮಗಳು ಶಿವಮೊಗ್ಗೆಯಲ್ಲಿ ಬಿ.ಎಸ್‌ಸಿ. ತರಗತಿಯಲ್ಲಿ ಓದುತ್ತಿರುವಳು. ಕಳೆದ ದೀಪಾವಳಿಗೆ ಊರಿಗೆ ಬಂದವಳು, "ದೊಡ್ಡಪ್ಪಾ, ಅಜ್ಜಿಗೆ ಬರುವ ವರ್ಷ ಎಂಬತ್ತು ತುಂಬುತ್ತದೆ. ನನ್ನ ಬಳಿ ಪಾಠ ಹೇಳಿ ಕೂಡಿಸಿದ ಹದಿನೈದು ಸಾವಿರವಿದೆ. ನೀವು ಅಷ್ಟೇ ಹಾಕಿದರೆ ಒಂದು ಒಳ್ಳೆಯ ಕ್ಯಾಮರಾ ಬರುತ್ತದೆ" ಎಂದಳು. ನಾವು ನಿವೃತ್ತಿವೇತನದ ಮೇಲೆ ಜೀವಿಸುವವರು. ಹದಿನೈದು ಸಾವಿರವು ನಮಗೆ ಸಣ್ಣ ಮೊತ್ತವಲ್ಲ. ಆ ಹುಡುಗಿಗಂತೂ ಒಂದು ವರ್ಷದ ಸಂಜೆಗಳ ದುಡಿಮೆ. ಆದಕಾರಣ ಈ ಸಲ ಅಂಗಡಿಗೆ ಹೋಗುವುದಕ್ಕೆ ಮುಂಚೆ ಪಾಠವನ್ನು ಓದಿಕೊಂಡೇ ಹೋಗತಕ್ಕದ್ದೆಂದು ಇಬ್ಬರೂ ಎರಡು ತಿಂಗಳು ಶ್ರಮಿಸಿದೆವು. ಆ ಪಾಠದ ಸಾರವನ್ನೇ ಇಲ್ಲಿ ವಾಚಕರ ಮುಂದಿಡುವೆವು.

ಹಳೆಯ ಕ್ಯಾಮರಾ ಏನಾಯಿತೆಂದು ಕೇಳುವವರಿದ್ದಾರು. ಅದರ ಗತಿಯನ್ನು ಮುಂದೆ ಹೇಳುವೆವು.

ಮೊದಲು ಶಬ್ದವಿಚಾರ, ಹಳೆಯ ಮೇಷ್ಟರ ಚಾಳಿಯನ್ನು ಕ್ಷಮಿಸಬೇಕು. ಕ್ಯಾಮರಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕಮಾನಿನ ಕೋಣೆ. ಹಿಂದೂಸ್ಥಾನಿಯ 'ಕಮರಾ' ಎಂಬುದೂ ಅದೇ ಮೂಲದಿಂದ ಪೋರ್ಚುಗೀಸರ ಮುಖಾಂತರ ಬಂದುದು. ಲೆನ್ಸ್ ಎಂಬುದಂತೂ ಆ ಭಾಷೆಯಲ್ಲಿ ಚನ್ನಂಗಿ ಬೇಳೆಯ ಹೆಸರು. ಆ ಬೇಳೆಯ ಆಕಾರವನ್ನು ನೋಡಿಯೇ ನಾವೂ 'ಮಸೂರ' ಎನ್ನುತ್ತಿದ್ದೇವೆ. ಇನ್ನು 'ಛಾಯಾಗ್ರಾಹಿ' ಎಂಬ ಮಾತು ಹೊಸದಾಗಿ ಹುಟ್ಟಿದುದೆಂದು ತಿಳಿಯಬಾರದು. ವಾಲ್ಮೀಕಿಯ ಸುಂದರಕಾಂಡದಲ್ಲಿಯೇ ಅದು ಬರುತ್ತದೆ. ಆದರೆ ಅಲ್ಲಿ ಅದು ಸಮುದ್ರವನ್ನು ದಾಟುತ್ತಿದ್ದ ಹನುಮಂತನ ನೆರಳನ್ನು ಹಿಡಿದೆಳೆದ ಸಿಂಹಿಕೆಯೆಂಬ ರಾಕ್ಷಸಿಯ ವಿಷಯದಲ್ಲಿ ಬಂದ ಮಾತು. ಅವಳ ಬಾಯನ್ನು ಹೊಕ್ಕು ಹೊರಬರುವುದಕ್ಕೆ ಹನುಮಂತನಿಗೆ ಶಕ್ತಿಯಿತ್ತು. ಅಂಗಡಿಯ ಬಾಯನ್ನು ಹೊಕ್ಕ ಗೃಹಸ್ಥನಿಗೆ ಲೆಕ್ಕವಾದರೂ ತಿಳಿದಿರಬೇಕು.

ಎಸ್‌ಎಲ್‌ಆರ್ ಎಂಬ ಮೂರಕ್ಷರದ ಅರ್ಥವಿಷ್ಟೆ: ಚಿತ್ರವನ್ನು ತೆಗೆಯುವ ಮಸೂರವೂ ಕಣ್ಣು ನೋಡುವ ಮಸೂರವೂ ಒಂದೇ, ನಡುವೆ ಒಂದು ಕನ್ನಡಿ. ಮಸೂರದಿಂದ ಒಳಬಂದ ಬೆಳಕು ನಲವತ್ತೈದು ಅಂಶಗಳ ಓರೆಯಲ್ಲಿ ನಿಂತ ಕನ್ನಡಿಗೆ ತಾಗಿ ಮೇಲಕ್ಕೇರಿ, ಮೇಲಿನ ಕನ್ನಡಿಗಳಲ್ಲಿ ತಿರುಗಿ ನಮ್ಮ ಕಣ್ಣಿಗೆ ಬರುವುದು. ಗುಂಡಿಯನ್ನೊತ್ತಿದಾಗ ಆ ಕನ್ನಡಿಯು ಮೇಲಕ್ಕೆ ಮಡಚಿಕೊಳ್ಳುವುದು; ಹಿಂದಿನ ಪರದೆ ತೆರೆಯುವುದು; ಬೆಳಕು ಸಂವೇದಕದ ಮೇಲೆ ಬೀಳುವುದು. 'ಟಕ್' ಎಂಬ ಸದ್ದು ಈ ವ್ಯಾಪಾರದ್ದೇ. ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ೧೯೭೫ರಲ್ಲಿ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾ ನೂರಕ್ಕೆ ನೂರು ಚುಕ್ಕೆಗಳ ಒಂದು ಚಿತ್ರವನ್ನು ಧ್ವನಿಸುರುಳಿಯ ಕ್ಯಾಸೆಟ್ಟಿನ ಮೇಲೆ ಬರೆಯಲು ೨೩ ಸೆಕೆಂಡುಗಳನ್ನು ತೆಗೆದುಕೊಳ್ಳುತ್ತಿತ್ತು. ಮಸೂರವನ್ನು ಬದಲಾಯಿಸಬಹುದಾದ ಡಿಜಿಟಲ್ ಯಂತ್ರವು ಸಾಮಾನ್ಯನ ಕೈಗೆ ಸಮೀಪಿಸಿದುದು ೨೦೦೩ರಲ್ಲಿ, ಕೆನಾನ್ ಸಂಸ್ಥೆಯ ೩೦೦ಡಿ ಮಾದರಿಯು ಅಮೆರಿಕದಲ್ಲಿ ಸಾವಿರ ಡಾಲರುಗಳೊಳಗೆ ಬಂದಾಗ.

ಜೇಬಿನ ಮೊಬೈಲು ಸಾಲದೆ ಎಂದು ನಮ್ಮ ತಮ್ಮನೇ ಕೇಳಿದನು. ಹಗಲಿನ ಬೆಳಕಿಗೆ, ನಾಲ್ಕು ಜನರಿಗೆ ಕಳುಹಿಸುವ ಚಿತ್ರಕ್ಕೆ, ಧಾರಾಳವಾಗಿ ಸಾಕು. ಸಾಕೆನ್ನುವವರಿಗೆ ನಾವು ಒಂದು ರೂಪಾಯಿಯನ್ನೂ ವ್ಯಯಮಾಡಿಸೆವು. ಆದರೆ ಅನೇಕ ಮೊಬೈಲುಗಳ ಸಂವೇದಕವು ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಕತ್ತಲೆಯಲ್ಲಿ ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಗಣಿತದಿಂದ ಒಂದನ್ನಾಗಿ ಮಾಡುವುದು. ಹಾಗೆ ಮಾಡುವಾಗ ಮುದುಕಿಯ ಕೆನ್ನೆಯ ಸುಕ್ಕು ಹಲವು ಸಲ ಮೇಣದಂತೆ ನುಣುಪಾಗಿ ಹೋಗುವುದನ್ನು ನಾವೇ ಕಂಡಿದ್ದೇವೆ. ಮಾತೃಶ್ರೀಯವರ ಸುಕ್ಕುಗಳು ನಮಗೆ ಬೇಕಾಗಿದ್ದುವು. ಅಲ್ಲದೆ ಹುಡುಗಿಗೆ ಈ ವಿದ್ಯೆಯನ್ನು ಕಲಿಯುವ ಮನಸ್ಸಿತ್ತು. ಬೆಳಕು, ಕಾಲ, ದೂರ ಇವುಗಳನ್ನು ಬೇರೆಬೇರೆಯಾಗಿ ಕೈಯಿಂದ ತಿರುಗಿಸಿ ನೋಡುವ ಯಂತ್ರದಲ್ಲಿ ಕಲಿತಷ್ಟು ಬೇರೆಡೆಯಲ್ಲಿ ಕಲಿಯಲಾಗದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಡಿಜಿಟಲ್ ಚಿತ್ರದೊಳಗೆ ಅದನ್ನು ತೆಗೆದ ಕ್ರಮವೂ ಬರೆದಿಟ್ಟಿರುವುದೆಂಬುದು ನಮಗೆ ತಿಳಿದಿರಲಿಲ್ಲ. ತಮ್ಮನ ಮಗಳು ೨೦೧೬ರ ಆ ಚಿತ್ರಗಳನ್ನು ಗಣಕದಲ್ಲಿ ತೆರೆದು, ಒಳಗಿದ್ದ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ನಮ್ಮ ಕೈಗೆ ಕೊಟ್ಟಳು: ೨೦೦ ಮಿಲಿಮೀಟರು, ಎಫ್/೫.೬, ಸೆಕೆಂಡಿನಲ್ಲಿ ಹತ್ತನೆಯ ಒಂದು ಪಾಲು, ಸಂವೇದನೆ ೪೦೦. ಒಂಬತ್ತು ವರ್ಷಗಳ ಮೇಲೆ ನಮ್ಮ ತಪ್ಪು ನಾಲ್ಕು ಅಂಕೆಗಳಲ್ಲಿ ಕೈಗೆ ಬಂದಿತು.

ಈ ಅಂಕೆಗಳ ಅರ್ಥವನ್ನು ಬಿಡಿಸುವೆವು. ಮಸೂರದ ಒಳಗೆ ಹಿಗ್ಗಿ ಕುಗ್ಗುವ ಒಂದು ರಂಧ್ರವಿದೆ, ಕೋಣೆಗೆ ಗವಾಕ್ಷಿಯಿದ್ದಂತೆ. ಅದರ ಅಳತೆಯನ್ನು 'ಎಫ್' ಅಂಕೆಯಿಂದ ಹೇಳುವರು. ಈ ಅಂಕೆ ಚಿಕ್ಕದಾದಷ್ಟೂ ಗವಾಕ್ಷಿ ದೊಡ್ಡದು ಎಂದೊಡನೆ ಜನರಿಗೆ ಗೊಂದಲವಾಗುವುದು. ಇದು ಭಿನ್ನರಾಶಿಯ ಛೇದವೆಂಬುದನ್ನು ನೆನೆದರೆ ಗೊಂದಲವಿಲ್ಲ: ಎರಡನೆಯ ಒಂದು ಪಾಲು ನಾಲ್ಕನೆಯ ಒಂದು ಪಾಲಿಗಿಂತ ದೊಡ್ಡದೆಂಬುದು ಪ್ರಾಥಮಿಕಶಾಲೆಯ ಮಕ್ಕಳಿಗೂ ಗೊತ್ತು. ಮಸೂರದ ನಾಭಿದೂರವನ್ನು ಆ ಅಂಕೆಯಿಂದ ಭಾಗಿಸಿದರೆ ರಂಧ್ರದ ಅಗಲ ಸಿಗುವುದು. ಬೆಳಕು ರಂಧ್ರದ ವಿಸ್ತೀರ್ಣಕ್ಕೆ ಅನುಗುಣವಾಗಿ ಬರುವುದರಿಂದ ಅಂಕೆಗಳ ವರ್ಗವನ್ನು ಹೋಲಿಸಬೇಕು. ೫.೬ನ್ನು ೧.೮ರಿಂದ ಭಾಗಿಸಿದರೆ ೩.೧, ಅದರ ವರ್ಗ ಸುಮಾರು ೯.೭. ಎಂದರೆ ಎಫ್/೧.೮ ಎಂದು ಬರೆದಿರುವ ಮಸೂರವು ಎಫ್/೫.೬ರ ಮಸೂರಕ್ಕಿಂತ ಹೆಚ್ಚುಕಡಿಮೆ ಹತ್ತು ಪಾಲು ಬೆಳಕನ್ನು ಒಳಗೆ ಬಿಡುವುದು. ಆ ದಿನ ಸೆಕೆಂಡಿನ ಹತ್ತನೆಯ ಪಾಲು ಕಾಯಬೇಕಾಗಿದ್ದ ಯಂತ್ರವು ನೂರನೆಯ ಪಾಲಿನಲ್ಲಿ ಕೆಲಸ ಮುಗಿಸುತ್ತಿತ್ತು.

ಇದರ ಮೇಲೆ ಇನ್ನೊಂದು ಲೆಕ್ಕ. ಕೈಯಲ್ಲಿ ಹಿಡಿದು ತೆಗೆಯುವಾಗ ಚಿತ್ರವು ಅಲುಗದಿರಬೇಕಾದರೆ, ನಾಭಿದೂರದ ಅಂಕೆ ಎಷ್ಟೋ ಸೆಕೆಂಡಿನ ಅಷ್ಟನೆಯ ಪಾಲಿಗಿಂತ ಹೆಚ್ಚು ಕಾಲ ಪರದೆ ತೆರೆದಿರಬಾರದೆಂದು ಹಳೆಯ ಛಾಯಾಚಿತ್ರಕಾರರ ಅನುಭವ. ನಮ್ಮಂಥವರು ಕೊಳ್ಳುವ ಯಂತ್ರದ ಸಂವೇದಕವು ಹಳೆಯ ಫಿಲಮಿನ ಚೌಕಕ್ಕಿಂತ ಚಿಕ್ಕದಾದುದರಿಂದ ಅಂಕೆಯನ್ನು ಒಂದೂವರೆಪಾಲು ಮಾಡಿಕೊಳ್ಳಬೇಕು. ೨೦೦ ಮಿ.ಮೀ.ಗೆ ಮುನ್ನೂರನೆಯ ಪಾಲು ಬೇಕಾಗಿದ್ದಲ್ಲಿ ನಮಗಿದ್ದುದು ಹತ್ತನೆಯ ಪಾಲು! ೩೫ ಮಿ.ಮೀ. ಮಸೂರವಾಗಿದ್ದರೆ ಐವತ್ತನೆಯ ಪಾಲು ಸಾಕಾಗುತ್ತಿತ್ತು. ಬೆಳಕಿನಿಂದ ನೂರನೆಯದೇ ದೊರಕುತ್ತಿತ್ತು. ಕೈನಡುಕವನ್ನು ತಡೆಯುವ ಯಂತ್ರಾಂಗವು ಕೆಲವು ಮಸೂರಗಳಲ್ಲಿದೆ ನಿಜ. ಅದು ನಮ್ಮ ಕೈಯನ್ನು ತಡೆದೀತೇ ಹೊರತು, ಮಂತ್ರಕ್ಕೆ ತುಟಿಯಾಡಿಸುತ್ತ ಹೋಮಕ್ಕೆ ಕೈನೀಡುತ್ತಿರುವ ವೃದ್ಧರನ್ನು ತಡೆಯಲಾರದು. ಉದ್ದದ ಮಸೂರದ ಬದಲು ನಾವು ಹತ್ತು ಹೆಜ್ಜೆ ಮುಂದೆ ಹೋಗಿ ವೈದಿಕರ ಪಕ್ಕದಲ್ಲಿ ಕುಳಿತಿದ್ದರೆ ಆಗುತ್ತಿತ್ತು. ಅವರು ಬೇಡವೆನ್ನುತ್ತಿರಲಿಲ್ಲ. ನಾವು ಕೇಳಲೇ ಇಲ್ಲ.

ಮಸೂರವನ್ನೇ ಎಲ್ಲಕ್ಕೂ ದೂರಬಾರದು. ಸಂವೇದನೆಯ ಅಂಕೆಯನ್ನು ೪೦೦ರಿಂದ ೩೨೦೦ಕ್ಕೆ ಏರಿಸಿದ್ದರೆ ಎಂಟು ಪಾಲು ಲಾಭವಾಗುತ್ತಿತ್ತು. ರವೆಯಂತೆ ಚುಕ್ಕೆಗಳು ಕಾಣಿಸಿಕೊಂಡರೂ ಮುಖ ಉಳಿಯುತ್ತಿತ್ತು. ಆ ಚಕ್ರವು ಎಲ್ಲಿದೆಯೆಂಬುದೇ ಅಂದು ನಮಗೆ ತಿಳಿಯದು. ಹಣವನ್ನು ಕೊಡದೆಯೇ ದೊರೆಯುವ ಈ ಎಂಟು ಪಾಲನ್ನು ವಾಚಕರು ಮರೆಯದಿರಲಿ.

ಇದರಿಂದ ನಮ್ಮ ಕೊಳ್ಳುವಿಕೆಯ ಸೂತ್ರವು ತಾನಾಗಿಯೇ ಹೊರಟಿತು: ಕ್ಯಾಮರಾದ ಒಡಲಿಗೆ ಕಡಿಮೆ, ಮಸೂರಕ್ಕೆ ಹೆಚ್ಚು, ಎರಡು ಉದ್ದದ ಮಸೂರಗಳ ಬದಲು ಒಂದು ಅಗಲಬಾಯಿಯ ಮಸೂರ. ಕಿಟ್ಟಿನಲ್ಲಿ ಬರುವ ೧೮–೫೫ನ್ನು ಬಿಸಾಡಬೇಕಾದುದಿಲ್ಲ. ಹೊರಗಿನ ದೃಶ್ಯಗಳಿಗೆ, ನೆಂಟರೆಲ್ಲ ಸಾಲಾಗಿ ನಿಂತ ಚಿತ್ರಕ್ಕೆ ಅದು ಬಲು ಉಪಯುಕ್ತ. ಆದರೆ ಅದು ೫೫ಕ್ಕೆ ಬಂದಾಗ ಎಫ್/೫.೬ಕ್ಕೆ ಕುಗ್ಗುವುದು, ಮುಖವನ್ನು ಮನೆಯೊಳಗೆ ತೆಗೆಯುವ ಕೆಲಸವೇ ಅದಕ್ಕೆ ಹೆಚ್ಚು ಕಷ್ಟ. ಗೃಹಸ್ಥನಿಗೆ ಬೇಕಾದ ಕೆಲಸವೋ ಬಹುಮಟ್ಟಿಗೆ ಅದೇ.

ಮೆಗಾಪಿಕ್ಸೆಲ್ಲುಗಳ ವಿಷಯವನ್ನು ಬೇಗ ಮುಗಿಸಬಹುದು. ನಾಲ್ಕು ಆರಂಗುಲದ ಚಿತ್ರವನ್ನು ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಮುದ್ರಿಸಲು ೧೨೦೦ಕ್ಕೆ ೧೮೦೦, ಎಂದರೆ ಇಪ್ಪತ್ತೆರಡು ಲಕ್ಷದೊಳಗಿನ ಚುಕ್ಕೆಗಳು ಸಾಕು. ಎ೪ ಹಾಳೆಯ ತುಂಬ ಮುದ್ರಿಸುವುದಕ್ಕೂ ಎಂಬತ್ತೇಳು ಲಕ್ಷ. ಇಂದಿನ ಸಾಧಾರಣ ಯಂತ್ರದಲ್ಲಿ ಇರುವುದು ಎರಡು ಕೋಟಿ ನಲವತ್ತು ಲಕ್ಷ. ಮೈಸೂರಿನ ಟಿ. ಎಸ್. ಸತ್ಯನ್ ಅವರ ಕಪ್ಪು-ಬಿಳುಪಿನ ಚಿತ್ರಗಳ ಮುಂದೆ ನಿಂತವರು ಚುಕ್ಕೆಗಳನ್ನು ಎಣಿಸಿದುದನ್ನು ನಾವು ಕಾಣೆವು.

ಹೊಸದೋ ಹಳೆಯದೋ ಎಂಬ ಪ್ರಶ್ನೆಯಲ್ಲಿ ನಾವಿಬ್ಬರೂ ಸ್ವಲ್ಪ ಜಗಳವಾಡಿದೆವು. ಕನ್ನಡಿಯಿಲ್ಲದ, 'ಮಿರರ್‌ಲೆಸ್' ಎನ್ನಿಸಿಕೊಳ್ಳುವ ಯಂತ್ರಗಳು ೨೦೦೮ರಿಂದೀಚೆಗೆ ಬಂದು ಬೆಳೆದುವು. ೨೦೨೦ರ ಆರಂಭದಲ್ಲಿ ಕೆಲವು ಮಾದರಿಗಳನ್ನು ಪ್ರಕಟಿಸಿದ ಮೇಲೆ ಕೆನಾನ್ ಆಗಲಿ ನಿಕಾನ್ ಆಗಲಿ ಕನ್ನಡಿಯುಳ್ಳ ಹೊಸ ಮಾದರಿಯನ್ನು ಹೊರತಂದಿಲ್ಲ. ಅಸ್ತಮಿಸುತ್ತಿರುವ ಜಾತಿಗೆ ಹಣ ಹಾಕುವುದು ಸರಿಯೆ ಎಂದು ಹುಡುಗಿಯ ಸಂಶಯ. ನಮ್ಮ ವಾದವು ಇದಕ್ಕೆ ವಿಪರೀತವಾದುದು. ದೊಡ್ಡವರೆಲ್ಲ ಹೊಸತಕ್ಕೆ ಓಡುವುದರಿಂದಲೇ ಹಳೆಯ ಯಂತ್ರವೂ ಅದರ ಮಸೂರವೂ ಬಡವನ ಕೈಗೆಟಕುತ್ತಿವೆ. ನಿಕಾನಿನ ಮಸೂರ ಕೂಡುವ ಬಾಯಿ ೧೯೫೯ರಿಂದಲೂ, ಕೆನಾನಿನದು ೧೯೮೭ರಿಂದಲೂ ನಡೆದು ಬಂದಿವೆ. ಇಷ್ಟು ವರ್ಷಗಳಲ್ಲಿ ತಯಾರಾದ ಮಸೂರಗಳು ಪೇಟೆಯಲ್ಲಿ ರಾಶಿಯಾಗಿವೆ. ಹೊಸ ಮಿರರ್‌ಲೆಸ್ ಯಂತ್ರವೂ ಅದಕ್ಕೊಂದು ಅಗಲಬಾಯಿಯ ಮಸೂರವೂ ಸೇರಿ ನಮ್ಮ ಮೂವತ್ತು ಸಾವಿರಕ್ಕೆ ನಿಲುಕಲಿಲ್ಲ. ಕಡೆಗೆ ಹುಡುಗಿಯೇ ಕಾಗದದ ಮೇಲೆ ಎರಡು ಲೆಕ್ಕಗಳನ್ನೂ ಬರೆದು ನೋಡಿ ಸುಮ್ಮನಾದಳು. ಹೆಚ್ಚಾಗಿ ಚಲನಚಿತ್ರ ತೆಗೆಯುವ ಉದ್ದೇಶವುಳ್ಳವರು, ಅಥವಾ ಇಮ್ಮಡಿ ಹಣವುಳ್ಳವರು, ಹೊಸ ಜಾತಿಯನ್ನೇ ಕೊಳ್ಳಲಿ. ಅವರಿಗೆ ನಮ್ಮ ವಾದವು ಅನ್ವಯಿಸದು.

ಕೆನಾನ್, ನಿಕಾನ್ ಇವುಗಳಲ್ಲಿ ಯಾವುದು ಮೇಲೆಂಬುದು ಅಯ್ಯಂಗಾರರ ಎರಡು ನಾಮಗಳ ವ್ಯಾಜ್ಯದಂತೆ ತೀರದ ವಿಷಯ. ಹರಿಕಾರನಿಗೆ ಎರಡೂ ಒಳ್ಳೆಯವೆ. ವ್ಯತ್ಯಾಸವಿರುವುದು ಮಸೂರದಲ್ಲಿ. ಕೆನಾನಿನಲ್ಲಿ ೫೦ ಮಿ.ಮೀ. ಎಫ್/೧.೮ರ ಮಸೂರವು ಅಗ್ಗವಾಗಿ ಸಿಗುವುದು, ಮುಖಚಿತ್ರಕ್ಕೆ ಸೊಗಸು. ಆದರೆ ಚಿಕ್ಕ ಸಂವೇದಕದ ಮೇಲೆ ಅದು ೮೦ ಮಿ.ಮೀ.ನಂತೆ ವರ್ತಿಸುವುದರಿಂದ ಹಳ್ಳಿಯ ಮನೆಯ ಸಣ್ಣ ಕೋಣೆಯಲ್ಲಿ ಹಿಂದೆ ಸರಿಯುತ್ತ ಸರಿಯುತ್ತ ಗೋಡೆಗೆ ಬೆನ್ನು ತಾಗುವುದು. ನಿಕಾನಿನಲ್ಲಿ ಚಿಕ್ಕ ಸಂವೇದಕಕ್ಕೆಂದೇ ಮಾಡಿದ ೩೫ ಮಿ.ಮೀ. ಎಫ್/೧.೮ರ ಮಸೂರವೊಂದು ೨೦೦೯ರಿಂದ ಇದೆ. ಅದು ಸುಮಾರು ೫೨ ಮಿ.ಮೀ.ನಂತೆ ನಡೆಯುವುದು, ಅಜ್ಜಿಯೂ ಕಾಣುವಳು, ಅವಳ ಮುಂದಿನ ಬತ್ತಿಯ ಬುಟ್ಟಿಯೂ ಕಾಣುವುದು. ಈ ಒಂದು ಕಾರಣಕ್ಕೇ ನಾವು ನಿಕಾನಿನ ಕಡೆಗೆ ಹೋದೆವು.

ಆದರೆ ಅಲ್ಲಿ ಒಂದು ಹೊಂಡವಿದೆ. ನಾವು ಅದರ ಅಂಚಿನಿಂದ ಹಿಂದಿರುಗಿದವರು. ನಿಕಾನಿನ ಅಗ್ಗದ ಒಡಲುಗಳಲ್ಲಿ, ಎಂದರೆ ಡಿ೩೪೦೦, ಡಿ೩೫೦೦, ಡಿ೫೬೦೦ ಮೊದಲಾದುವುಗಳಲ್ಲಿ, ಮಸೂರವನ್ನು ತಿರುಗಿಸಿ ಸ್ಫುಟಗೊಳಿಸುವ ಮೋಟಾರು ಇರುವುದಿಲ್ಲ. ಅದು ಮಸೂರದೊಳಗೇ ಇರಬೇಕು. 'ಏಎಫ್-ಎಸ್' ಎಂದೋ 'ಏಎಫ್-ಪಿ' ಎಂದೋ ಬರೆದಿರುವ ಮಸೂರಗಳಲ್ಲಿ ಅದು ಉಂಟು. ಬರಿಯ 'ಏಎಫ್' ಎಂದಿರುವ ಹಳೆಯ ೫೦ ಎಫ್/೧.೮ಡಿ ಮಸೂರದಲ್ಲಿ ಇಲ್ಲ. ಇದು ಅಗ್ಗ, ನೋಡುವುದಕ್ಕೆ ಗಟ್ಟಿ. ಒಡಲಿಗೆ ಕೂಡುವುದು ಸಹ. ಆದರೆ ಪ್ರತಿ ಚಿತ್ರಕ್ಕೂ ಕೈಯಿಂದಲೇ ಉಂಗುರವನ್ನು ತಿರುಗಿಸುತ್ತಿರಬೇಕು. ಶಿವಮೊಗ್ಗೆಯಲ್ಲಿ ನಮಗೆ ಮೊದಲು ತೋರಿಸಿದುದು ಅದನ್ನೇ. ಹುಡುಗಿ ಅಕ್ಷರವನ್ನು ಓದಿ, "ಇದರಲ್ಲಿ 'ಎಸ್' ಇಲ್ಲವಲ್ಲ ಅಂಕಲ್?" ಎಂದಳು. ಅಂಗಡಿಯಾತನು ನಕ್ಕು ಅದನ್ನು ಒಳಗಿಟ್ಟು ಬೇರೊಂದನ್ನು ತಂದನು. ಒಂದಕ್ಷರದ ಲೋಪದಿಂದ ಅರ್ಥವೇ ಕೆಡುವುದನ್ನು ವ್ಯಾಕರಣದಲ್ಲಿ ಮಾತ್ರ ಕಂಡಿದ್ದೆವು. ಕೆನಾನಿನ ಇಎಫ್ ಮಸೂರಗಳಲ್ಲಿ ಮೋಟಾರು ಒಳಗೇ ಇರುವುದರಿಂದ ಈ ತೊಡಕಿಲ್ಲ.

ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಪರೀಕ್ಷಿಸಿದ ವಿಧಾನವನ್ನು ವಿಸ್ತರಿಸಿ ಹೇಳುವೆವು, ಏಕೆಂದರೆ ಹಸುವಿನ ಹಲ್ಲು ನೋಡುವ ವಿದ್ಯೆಯೆಂದರೆ ಇದೇ. ನಮಗೆ ಸಿಕ್ಕಿದುದು ೨೦೧೬ರ ಮಾದರಿಯಾದ ಡಿ೩೪೦೦, ೧೮–೫೫ರ ಸಹಿತ. ಮೊದಲು ಮಸೂರವನ್ನು ಬಿಚ್ಚಿ, ಹಿಂದಿನಿಂದ ಸಣ್ಣ ಟಾರ್ಚಿನ ಬೆಳಕನ್ನು ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿದೆವು. ಬೂಷ್ಟು ಹಿಡಿದಿದ್ದರೆ ಜೇಡನ ನೂಲಿನಂತೆ ಬಿಳಿಯ ಕವಲುಗಳು ಕಾಣುವುವು. ನಾಲ್ಕಾರು ಧೂಳಿನ ಕಣಗಳಿದ್ದರೆ ಅಂಜಬೇಕಾದುದಿಲ್ಲ. ಎರಡನೆಯದಾಗಿ, ರಂಧ್ರವನ್ನು ಎಫ್/೧೬ಕ್ಕೆ ಕಿರಿದುಮಾಡಿ ಬಿಳಿಯ ಆಕಾಶದ ಚಿತ್ರವನ್ನು ತೆಗೆದೆವು. ಸಂವೇದಕದ ಮೇಲಿನ ಧೂಳು ಅದರಲ್ಲಿ ಕಪ್ಪು ಚುಕ್ಕೆಗಳಾಗಿ ತೋರುವುದು. ಊದಿದರೆ ಹೋಗುವಂಥವು ಮೂರಿದ್ದುವು. ಮೂರನೆಯದಾಗಿ, ಆ ಚಿತ್ರವನ್ನು ಹುಡುಗಿ ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ಪರದೆಯು ಎಷ್ಟು ಸಲ ತೆರೆದು ಮುಚ್ಚಿದೆಯೆಂಬ ಎಣಿಕೆಯನ್ನು ಓದಿದಳು. ನಿಕಾನಿನ ಚಿತ್ರದಲ್ಲಿ ಈ ಎಣಿಕೆ ಬರೆದಿರುವುದು. ಕೆನಾನಿನಲ್ಲಿ ಸಾಮಾನ್ಯವಾಗಿ ಹೀಗೆ ಕಾಣದು. ಈ ದರ್ಜೆಯ ಪರದೆಯ ಆಯಸ್ಸು ಸುಮಾರು ಒಂದು ಲಕ್ಷ ಸಲ ಎಂದು ಹೇಳುವರು. ನಮ್ಮದರಲ್ಲಿ ಹನ್ನೊಂದು ಸಾವಿರ ಚಿಲ್ಲರೆ. ಮದುವೆಗಳಲ್ಲಿ ದುಡಿದ ಯಂತ್ರವಾಗಿದ್ದರೆ ಇದು ಎಂಬತ್ತು ಸಾವಿರವೂ ಆಗಿರಬಹುದು. ಹೊರಗಿನ ಹೊಳಪನ್ನು ನೋಡಿ ಅದನ್ನು ಅರಿಯಲಾಗದು.

ನಮ್ಮ ವಯಸ್ಸಿನವರು ನೋಡಬೇಕಾದ ಇನ್ನೊಂದು ಅಂಗವುಂಟು. ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕದಲ್ಲಿ ಸಾಸಿವೆಯ ಡಬ್ಬಿಯ ತಿರುಪಿನಷ್ಟು ಸಣ್ಣದೊಂದು ಚಕ್ರವಿರುವುದು. ಅದನ್ನು ತಿರುಗಿಸಿದರೆ ಕನ್ನಡಕದವರ ಕಣ್ಣಿಗೂ ಕಿಂಡಿ ಸ್ಪಷ್ಟವಾಗುವುದು. ಕೆಲವು ಯಂತ್ರಗಳಲ್ಲಿ ಬೆಲೆಯಿಳಿಸುವುದಕ್ಕಾಗಿ ಇದನ್ನೇ ತೆಗೆದುಬಿಟ್ಟಿರುವರು. ಕೆನಾನಿನ ೩೦೦೦ಡಿಯಲ್ಲಿ ಮಸೂರ ಕೂಡುವ ಬಾಯಿಯನ್ನೂ ಲೋಹದ ಬದಲು ಪ್ಲಾಸ್ಟಿಕ್ಕಿನಲ್ಲಿ ಮಾಡಿರುವರು. ಉಳಿತಾಯವು ಎಲ್ಲಿ ಆಗಿದೆಯೆಂಬುದನ್ನು ಕೇಳದೆ ಅಗ್ಗವನ್ನು ಕೊಳ್ಳತಕ್ಕದ್ದಲ್ಲ. ನಾವು ಕೊಂಡ ಡಿ೩೪೦೦ರಲ್ಲಿಯೂ ಒಂದು ಕೊರತೆಯಿದೆ: ಹೊರಗಿನ ಮೈಕನ್ನು ಚುಚ್ಚುವ ತೂತಿಲ್ಲ. ನಮಗೆ ಅದು ಬೇಕಿರಲಿಲ್ಲ. ಬ್ಯಾಟರಿಯ ವಿಷಯದಲ್ಲಿ ಮಾತ್ರ ಅದು ಉದಾರಿ. ಒಂದು ಸಲ ತುಂಬಿಸಿದರೆ ಸಾವಿರದ ಇನ್ನೂರು ಚಿತ್ರಗಳೆಂದು ತಯಾರಕರ ಲೆಕ್ಕ. ವಿದ್ಯುತ್ತು ಹೋಗಿ ಮೂರು ದಿನ ಬಾರದಿರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಗುಣವಲ್ಲ.

ಒಡಲು ಮತ್ತು ೧೮–೫೫ಕ್ಕೆ ಹದಿನೆಂಟೂವರೆ ಸಾವಿರ, ೩೫ರ ಮಸೂರಕ್ಕೆ ಏಳೂವರೆ ಸಾವಿರ. ಒಟ್ಟು ಇಪ್ಪತ್ತಾರು ಸಾವಿರವಾಯಿತು. ಮೂರು ತಿಂಗಳ ಹೊಣೆಯನ್ನು ರಸೀದಿಯ ಮೇಲೆಯೇ, ಒಡಲಿನ ಕ್ರಮಸಂಖ್ಯೆಯ ಸಹಿತ, ಬರೆಯಿಸಿಕೊಂಡೆವು. ಅಂಗಡಿಯಾತನು ಮುಕ್ಕಾಲಿಯನ್ನೂ ಫಿಲ್ಟರನ್ನೂ ಮುಂದಿಟ್ಟನು. ಮುಕ್ಕಾಲಿಯ ಮೇಲೆ ಬೆರಳಿಟ್ಟರೆ ಜೊಂಡಿನಂತೆ ಬಳುಕಿತು, ಬೇಡವೆಂದೆವು. ಮಸೂರದ ಮುಂದೆ ಅಗ್ಗದ ಗಾಜನ್ನು ಕೂರಿಸುವುದು ಒಳ್ಳೆಯ ಕನ್ನಡಕದ ಮೇಲೆ ಜಾತ್ರೆಯ ಕನ್ನಡಕವನ್ನು ಹಾಕಿಕೊಂಡಂತೆ, ಅದನ್ನೂ ಬೇಡವೆಂದೆವು. ಹೊರಗಿನಿಂದ ಕೂರಿಸುವ ಫ್ಲಾಷು ಬಿಳಿಯ ತಾರಸಿಯುಳ್ಳವರಿಗೆ ಉಪಯೋಗ. ತಾರಸಿಗೆ ತಾಗಿಸಿ ಬೆಳಕನ್ನು ಮೆದುವಾಗಿ ಇಳಿಸಬಹುದು. ಹೊಗೆಹಿಡಿದ ಮರದ ಮಾಳಿಗೆಯ ಕೆಳಗೆ ಅದು ಬೆಳಕನ್ನು ನುಂಗಿಸಿಕೊಂಡು ಬರುವುದಷ್ಟೆ. ಕೊಂಡುದು ಎರಡೇ: ಒಂದು ಕಾರ್ಡು, ಧೂಳೂದುವ ರಬ್ಬರಿನ ಬುಡ್ಡಿ.

ಹಳೆಯ ಕ್ಯಾಮರಾದ ಗತಿಯನ್ನು ಹೇಳುವೆವೆಂದಿದ್ದೆವು. ತಂದೆಯವರು ಹೋದ ಮೇಲೆ ಅದನ್ನು ಮುಟ್ಟಲು ಮನಸ್ಸಾಗದೆ ಚೀಲದ ಸಮೇತ ಅಟ್ಟದ ಮೇಲಿರಿಸಿದೆವು. ಐದು ಮಳೆಗಾಲಗಳು ಕಳೆದುವು. ಚೀಲದ ಒಳಗಿನ ಸ್ಪಂಜು ಬಟ್ಟೆಯೊಗೆದ ನೀರಿನಂತೆ ತೇವವನ್ನು 
ಹಿಡಿದಿಟ್ಟಿತು. ತೆಗೆದು ನೋಡಿದಾಗ ಎರಡು ಮಸೂರಗಳಲ್ಲಿಯೂ ಬೂಷ್ಟಿನ ಕಾಡು; ಲೋಹದ ಸಂಪರ್ಕಗಳಿಗೆ ಹಸಿರು ಕಿಲುಬು. ಆಗುಂಬೆಯ ಮಳೆಯ ನೆರೆಯಲ್ಲಿರುವವರೂ ಕರಾವಳಿಯವರೂ ಇದನ್ನು ಗಮನಿಸಬೇಕು. ಈಗ ನಾವು ಹೊಸ ಯಂತ್ರವನ್ನು ಚೀಲದಲ್ಲಿರಿಸದೆ, ಗಾಳಿಯಾಡದ ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಹರಳುಗಳ ಎರಡು ಪೊಟ್ಟಣಗಳೊಡನೆ ಇಡುತ್ತಿದ್ದೇವೆ. ನೀಲಿಯ ಹರಳು ತೇವ ಕುಡಿದು ಬಣ್ಣಗೆಟ್ಟಾಗ ಅದನ್ನು ಬಿಸಿಯಾಗಿಸಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುವುದು; ಅಡಿಗೆಯ ಪಾತ್ರೆಯಲ್ಲಿ ಮಾತ್ರ ಒಣಗಿಸಬಾರದು. ಅಕ್ಕಿಯ ಡಬ್ಬಿಯಲ್ಲಿ ಹೂಳುವ ಪದ್ಧತಿಯನ್ನು ಕೆಲವರು ಹೇಳುವರು. ಅದರಿಂದ ಮಸೂರಕ್ಕೆ ಹಿಟ್ಟು ಸೇರುವುದು.

ಪುಷ್ಯಮಾಸದ ಒಂದು ಬೆಳಗ್ಗೆ ಹುಡುಗಿ ನಡುಮನೆಯಲ್ಲಿ, ಕಿಟಕಿಯಿಂದ ಮೂರು ಮೊಳ ದೂರದಲ್ಲಿ, ಅಜ್ಜಿಯನ್ನು ಹತ್ತಿಯ ಬತ್ತಿ ಹೊಸೆಯಲು ಕೂರಿಸಿ ತಾನೂ ಎದುರಿಗೆ ನೆಲದ ಮೇಲೆ ಕುಳಿತಳು. ಎಫ್/೨, ಎಂಬತ್ತನೆಯ ಪಾಲು, ಸಂವೇದನೆ ೮೦೦. ದೀಪಕ್ಕೆ ಫ್ಲಾಷಿಗೆ ಹೋಗಲಿಲ್ಲ. ಮಾತೃಶ್ರೀಯವರು ಮೊದಮೊದಲು ಯಂತ್ರದ ಕಡೆಗೇ ನೋಡುತ್ತಿದ್ದವರು, ಕೆಲಹೊತ್ತಿನ ಮೇಲೆ ಅದನ್ನು ಮರೆತು ಮೊಮ್ಮಗಳ ಮದುವೆಯ ಮಾತನ್ನು ತೆಗೆದರು. ಚಿತ್ರಗಳು ಆಗ ಬಂದುವು.

ಉಳಿದಿದ್ದ ಹಣದಲ್ಲಿ ಅವುಗಳಲ್ಲೊಂದನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟುಹಾಕಿಸಿ ತಂದು ತಾಯಿಯವರ ಕೈಗೆ ಕೊಟ್ಟೆವು. ಅವರು ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಸೆರಗಿಗೆ ಹಾಕಿದ ಹೊಲಿಗೆ ಕೂಡ ಕಾಣುವ ಹಾಗೆ ತೆಗೆಯಬೇಕಾಗಿತ್ತೇನೆ ಮಗಾ? ಒಳ್ಳೆಯ ಸೀರೆ ಉಟ್ಟುಕೊಳ್ಳುತ್ತಿದ್ದೆನಲ್ಲ" ಎಂದರು. ಚಿತ್ರವು ಈಗ ನಡುಮನೆಯ ಗೋಡೆಯಲ್ಲಿದೆ. ಅದರ ಪಕ್ಕದಲ್ಲಿ ಇನ್ನೊಂದು ಮೊಳೆಯನ್ನು ಹೊಡೆದಿದ್ದೇವೆ. ತಂದೆಯವರ ಇನ್ನೂರು ಚಿತ್ರಗಳಲ್ಲಿ ಕಡಿಮೆ ಅಲುಗಿದ ಒಂದನ್ನು ಹುಡುಕುವ ಕೆಲಸವನ್ನು ಹುಡುಗಿ ಬೇಸಗೆಯ ರಜೆಗೆ ಇಟ್ಟುಕೊಂಡಿದ್ದಾಳೆ.